ಪಿತ್ತ ಒಡೆಯದ ಹಾಗೆ

ಬಂಗುಡೆ ಸೀಳುವಾಗ ಆಯಿ ಹೇಳುತ್ತಿದ್ದಳು:
ಪಿತ್ತ ಒಡೆಯಬಾರದು ಮಾಧವಾ,
ಒಡೆದರೆ ಮೀನೆಲ್ಲ ಕಹಿ.

ಗಂಗೊಳ್ಳಿಯ ಧಕ್ಕೆಯಲ್ಲಿ ಕಲಿತದ್ದು
ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಅನ್ನಕ್ಕೆ ಬಂತು.
ಇಲ್ಲಿ ನನ್ನ ಮೇಜಿನ ಮೇಲೆ ದಿನಕ್ಕೆ ಇನ್ನೂರು ಫೋನು,
ಸತ್ತವು, ಅರೆಜೀವದವು,
ಗಾಜು ಬಿರಿದರೂ ಯಾರದೋ ಮಗುವಿನ ಮುಖ ತೋರಿಸುವವು.
ಮೊದಲು ಒಳಗಿನ ನೆನಪು ಅಳಿಸು.
ಸಿಮ್ ತೆಗೆ. ಬೆನ್ನು ಬಿಡಿಸು.
ಆಮೇಲೆ ಉಸಿರು ಬಿಗಿಹಿಡಿದು
ಬ್ಯಾಟರಿ.

ಅದೇ ಪಿತ್ತ.

ಕೆಲವು ಪೂರಿಯಂತೆ ಉಬ್ಬಿರುತ್ತವೆ,
ಚೂರಿಯ ತುದಿ ತಾಗಿದರೆ ಸಾಕು.
ಹೋದ ರಂಜಾನಿನಲ್ಲಿ, ಇಫ್ತಾರಿಗೆ ಹತ್ತು ನಿಮಿಷ ಇರುವಾಗ,
ಪಕ್ಕದ ಗೋದಾಮಿನ ಗೋಡೆ ಕಪ್ಪಾದದ್ದು ಹಾಗೇ.
ಅಂದಿನಿಂದ ತುದಿಗಳಿಗೆ ಟೇಪು ಸುತ್ತಿ
ಮರಳಿನ ಡ್ರಮ್ಮಿನಲ್ಲಿ ಒಂದೊಂದನ್ನೇ ಮಲಗಿಸುತ್ತೇನೆ,
ಬುಧವಾರ ಲೈಸೆನ್ಸಿನ ಗಾಡಿ ಬರುವವರೆಗೆ.

ಕಸದಿಂದ ರಸ ಅಂತ ಶಾಲೆಯಲ್ಲಿ ಮೇಷ್ಟ್ರು
ನೂರು ಸಲ ಬರೆಸಿದ್ದರು.
ಸಿಕ್ಕಿತು ಮೇಷ್ಟ್ರೇ, ರಸ.
ಹಳೇ ಲ್ಯಾಪ್‌ಟಾಪಿನ ಪರದೆಯ ಹಿಂದೆ
ಕಡ್ಡಿಯಷ್ಟು ತೆಳು ಕೊಳವೆಯಲ್ಲಿ
ಪಾದರಸ.
ಡಬ್ಬಿ ಟಿವಿಯ ದಪ್ಪ ಗಾಜಿನಲ್ಲಿ ಸೀಸ,
ಪುಡಿಯಾಗುವ ತನಕ ಸಾಧು.

ಆದರೆ ಕೇಬಲ್ಲಿಗೆ ಕಾಯುವ ತಾಳ್ಮೆ ಯಾರಿಗಿದೆ?
ಕ್ಯಾಂಪಿನ ಗೋಡೆ ಮುಗಿದು ಮರುಭೂಮಿ ಶುರುವಾಗುವಲ್ಲಿ
ರಾತ್ರಿ ಹನ್ನೊಂದರ ಮೇಲೆ ಬೆಂಕಿ.
ಸಿಲೆಟ್ಟಿನ ಶಫಾಯತ್, ಇಪ್ಪತ್ತೊಂದರ ಹುಡುಗ,
ವೈರು ಗುಡ್ಡೆ ಹಾಕಿ ಸುಡುತ್ತಾನೆ.
ಪ್ಲಾಸ್ಟಿಕ್ ಹೋಗಿ ತಾಮ್ರ ಉಳಿಯಬೇಕು, ಅಷ್ಟೇ ಲೆಕ್ಕ.
ಹೊಗೆಯನ್ನು ಯಾರೂ ತೂಗುವುದಿಲ್ಲ.
ಬೆಳಿಗ್ಗೆ ಕರಕ್ ಚಹಾದ ಮುಂದೆ ಅವನ ಎದೆ
ಹಳೇ ದೋಣಿಯ ಇಂಜಿನ್ನಿನಂತೆ
ಕೆಮ್ಮಿ ಕೆಮ್ಮಿ, ಹೊತ್ತಿಕೊಳ್ಳದೆ ನಿಲ್ಲುತ್ತದೆ.
ಕರವಸ್ತ್ರದಲ್ಲಿ ಮಸಿ.
"ಧೂಳು, ಭಾಯ್" ಅಂದ.
ಧೂಳಿನ ಬಣ್ಣ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ?

ಒಂದು ಶುಕ್ರವಾರ ಕೂರಿಸಿ ತೋರಿಸಿದೆ:
ನುಗ್ಗೆಕಾಯಿಯ ನಾರು ತೆಗೆದ ಹಾಗೆ
ಬ್ಲೇಡು ಮೇಲಿಂದ ಕೆಳಕ್ಕೆ, ಒಂದೇ ಎಳೆ.
ನೋಡು, ಎಷ್ಟು ಕೆಂಪು.
ಸುಟ್ಟ ತಾಮ್ರಕ್ಕೆ ಈ ಬಣ್ಣವೂ ಇಲ್ಲ, ಈ ರೇಟೂ ಇಲ್ಲ.
ಹುಡುಗ ಬೆರಳು ಮಡಚಿ ಎಣಿಸಿದ.
ಸುಟ್ಟರೆ ಗಂಟೆಗೆ ಹತ್ತು ಕಿಲೋ, ಸುಲಿದರೆ ಎರಡು.
"ಉಳಿದ ಎಂಟು ನೀನು ಕೊಡ್ತೀಯಾ?"

ನನ್ನಲ್ಲಿ ಉತ್ತರ ಇರಲಿಲ್ಲ.
ಮುದೀರನ ಗೋದಾಮಿನ ಮೂಲೆಯಲ್ಲಿತ್ತು,
ತಾಡಪಾಲು ಹೊದ್ದು, ಎರಡು ವರ್ಷದಿಂದ:
ವೈರು ಸುಲಿಯುವ ಯಂತ್ರ.
ಹರಿದದ್ದು ಒಂದು ಬೆಲ್ಟು. ನಲವತ್ತು ದಿರ್ಹಮ್.
ನಾನೇ ತಂದು ಹಾಕಿದೆ. ದೊಡ್ಡತನ ಏನಲ್ಲ,
ಆ ಹೊಗೆ ನನ್ನ ಕಿಟಕಿಗೂ ಬರುತ್ತಿತ್ತು.

ಈಗ ಹನ್ನೊಂದಕ್ಕೆ ಶಫಾಯತ್ ಮಲಗಿರುತ್ತಾನೆ.
ಅವನ ಕೆಮ್ಮು ಎಚ್ಚರವಾಗಿರುತ್ತದೆ.
ಗಾಳಿ ತಿರುಗಿದ ದಿನ
ಬೇರೆ ಯಾವುದೋ ಗೋಡೆಯಾಚೆಯ ವಾಸನೆಯೂ.

ಇಷ್ಟು ಹೇಳಿದವನು ಇದನ್ನೂ ಹೇಳಬೇಕು.
ಪ್ರತಿ ರಜೆಗೂ ಪೆಟ್ಟಿಗೆಯಲ್ಲಿ
ಖರ್ಜೂರದ ಕೆಳಗೆ ಎರಡು ಮೂರು ಹಳೇ ಫೋನು
ಊರಿಗೆ ಒಯ್ದವನು ನಾನೇ:
ಭಾವನಿಗೊಂದು, ತಮ್ಮನಿಗೊಂದು, ಕೇಳಿದವರಿಗೊಂದು.
ಸತ್ತ ಮೇಲೆ ಅವನ್ನು ಏನು ಮಾಡಿದಿರಿ ಅಂತ
ಒಮ್ಮೆಯೂ ಕೇಳಲಿಲ್ಲ.

ನಿನ್ನೆ ತಮ್ಮ ಒಂದು ಫೋಟೋ ಕಳಿಸಿದ್ದಾನೆ.
ಬಲೆಯಲ್ಲಿ ಒದ್ದಾಡುವ ಬಂಗುಡೆ,
ನಡುವೆ ಪಾಚಿ ಹಿಡಿದ ಒಂದು ಫೋನು,
ಬೆನ್ನು ಉಬ್ಬಿ, ಸೀಳಿ.
ಕೆಳಗೆ ಕಣ್ಣೀರು ಬರುವಷ್ಟು ನಗುವ
ಮೂರು ಹಳದಿ ಮುಖ.

ದೊಡ್ಡದು ಮಾಡಿ ನೋಡಿದೆ. ಯಾರದೆಂದು ಗುರುತಾಗಲಿಲ್ಲ.
ನನ್ನದಲ್ಲ ಎಂದು ಹೇಳುವ ಹಾಗೂ ಇಲ್ಲ.

ಆಯಿ,
ಆ ಮೀನು ತಿಂದಿರಾ?